ತರಗತಿಯಲ್ಲಿ ಗುರುವಿನ ಅಭಿಮತ

ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಬಳಿಕ ತಂದೆಯೊಬ್ಬರು ಗುರುಮನೆಗೆ ಬಂದರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗ ಊಟದ ಹೊತ್ತಿನಲ್ಲಿ ಅವರೊಡನೆ ವಾದಕ್ಕಿಳಿಯುತ್ತಾನಂತೆ. ಯಾವ ಪಕ್ಷ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಅಧ್ಯಾಪಕರು ಪಾಠದ ನಡುವೆ ಹೇಳಿಬಿಟ್ಟಿದ್ದಾರಂತೆ. "ಫಾದರ್, ಶಾಲೆಯಲ್ಲಿ ರಾಜಕೀಯ ಮಾತನಾಡಬೇಡಿ ಎಂದು ನೀವೇ ಆ ಮೇಷ್ಟ್ರಿಗೆ ಹೇಳಬೇಕು" ಎಂದರು.

ನಾನು ಕೂಡಲೇ ಒಪ್ಪಲಿಲ್ಲ. ನನ್ನದೇ ಒಂದು ತಪ್ಪು ನೆನಪಾಯಿತು. ಗುರುದೀಕ್ಷೆಯ ಹೊಸತರಲ್ಲಿ ಶಾಲೆಯೊಂದರಲ್ಲಿ ನೀತಿಪಾಠ ಹೇಳುತ್ತಿದ್ದೆ. ಅದು ಚುನಾವಣೆಯ ಕಾಲ. ನನ್ನ ಅಭಿಪ್ರಾಯವನ್ನು ಉತ್ಸಾಹದಿಂದಲೇ ವಿವರಿಸಿದೆ. ಮರುವಾರ ಬರೆಸಿದ ಪ್ರಬಂಧಗಳಲ್ಲಿ ನನ್ನ ಮಾತುಗಳೇ ನನಗೆ ಹಿಂತಿರುಗಿ ಬಂದವು. ಒಬ್ಬ ಹುಡುಗ ಮಾತ್ರ ವಿರುದ್ಧವಾಗಿ ಬರೆದಿದ್ದ. ಬರಹ ಚೆನ್ನಾಗಿತ್ತು. ಆದರೂ ಅವನಿಗೆ ಕಡಿಮೆ ಅಂಕ ಕೊಟ್ಟೆ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಜರ್ಮನಿಯ ಚಿಂತಕ ಮ್ಯಾಕ್ಸ್ ವೇಬರರ ವಿಚಾರವನ್ನು ಪರೀಕ್ಷೆಗಾಗಿ ಕಲಿತಿದ್ದೆ. ಅದರ ಅರ್ಥವಾದದ್ದು ಈ ಹುಡುಗನ ಮೌನದಿಂದ. 1917ರಲ್ಲಿ ಮ್ಯೂನಿಕ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಎತ್ತಿ ತೋರಿದ್ದು ಇದನ್ನೇ: ಸಾರ್ವಜನಿಕ ಸಭೆಯಲ್ಲಿ ಭಾಷಣಕಾರನನ್ನು ಯಾರಾದರೂ ಪ್ರಶ್ನಿಸಬಹುದು, ತರಗತಿಯಲ್ಲಿ ವಿದ್ಯಾರ್ಥಿಯು ತನ್ನ ಭವಿಷ್ಯಕ್ಕಾಗಿ ಕುಳಿತು ಕೇಳಲೇಬೇಕು. ಅಂತಹವನ ಮೇಲೆ ತನ್ನ ರಾಜಕೀಯ ನಿಲುವನ್ನು ಹೇರುವುದು ನ್ಯಾಯವಲ್ಲ.

ಹಾಗಾದರೆ ಗುರುವು ಮೂಕನಾಗಿರಬೇಕೇ? ಅದೇ ಜರ್ಮನಿ ಮುಂದೆ ಉತ್ತರವನ್ನು ಅರಸಿತು. 1933ರಿಂದ 1945ರವರೆಗಿನ ನಾಜಿ ಆಡಳಿತವು ಶಾಲೆಗಳನ್ನು ಪ್ರಚಾರದ ಸಾಧನವನ್ನಾಗಿ ಮಾಡಿಕೊಂಡಿತ್ತು. ಆ ಕಹಿಯನ್ನುಂಡ ನಾಡಿನಲ್ಲಿ 1970ರ ದಶಕದ ವೇಳೆಗೆ ಪೌರನೀತಿಯ ಪಾಠಕ್ರಮವೇ ಪಕ್ಷಗಳ ಜಗಳಕ್ಕೆ ವಸ್ತುವಾಯಿತು. 1976ರಲ್ಲಿ ಸ್ಟುಟ್‌ಗಾರ್ಟ್ ಬಳಿಯ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಭಿನ್ನ ಒಲವುಗಳ ಶಿಕ್ಷಣತಜ್ಞರು ಸೇರಿದರು. ಅಲ್ಲಿ ಮೂಡಿದ ಒಮ್ಮತಕ್ಕೆ ಮೂರು ಅಂಶಗಳು. ವಿದ್ಯಾರ್ಥಿಯನ್ನು ಮಣಿಸಿ, ಅವನು ತಾನೇ ತೀರ್ಮಾನಿಸುವುದನ್ನು ತಡೆಯಬಾರದು. ಸಮಾಜದಲ್ಲಿ ವಿವಾದವಾಗಿರುವ ವಿಷಯವು ತರಗತಿಯಲ್ಲಿಯೂ ವಿವಾದವಾಗಿಯೇ ಕಾಣಿಸಬೇಕು. ರಾಜಕೀಯ ಸನ್ನಿವೇಶವನ್ನೂ ಅದರಲ್ಲಿ ತನ್ನ ಹಿತವನ್ನೂ ವಿದ್ಯಾರ್ಥಿ ತಾನೇ ವಿವೇಚಿಸಬಲ್ಲವನಾಗಬೇಕು. ಗುರುವಿಗೆ ಸ್ವಂತ ಅಭಿಪ್ರಾಯವೇ ಇರಬಾರದೆಂದು ಇಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಸಂವಿಧಾನವೂ ಶಿಕ್ಷಕರನ್ನು ರಾಜಕೀಯದಿಂದ ದೂರವಿಟ್ಟಿಲ್ಲ. 75 ಸದಸ್ಯರ ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 7 ಸ್ಥಾನಗಳು ಶಿಕ್ಷಕರ ಮತದಿಂದಲೇ ತುಂಬುತ್ತವೆ. ಮತ ಹಾಕುವ ಕೈಗೆ ಪಕ್ಷವಿರಲಿ. ಅಂಕ ಹಾಕುವ ಕೈಗೆ ಅದು ಇರಕೂಡದು.

ಆದುದರಿಂದ ಆ ತಂದೆಗೆ ಹೀಗೆಂದೆ: "ಅಧ್ಯಾಪಕರನ್ನು ನೀವೇ ಕಂಡು ಒಂದು ಮಾತು ಕೇಳಿ. ಹುಡುಗ ಅವರ ಅಭಿಪ್ರಾಯಕ್ಕೆ ವಿರುದ್ಧವಾಗಿ, ಆದರೆ ಕಾರಣ ಸಹಿತವಾಗಿ ಉತ್ತರ ಬರೆದರೆ ಪೂರ್ಣ ಅಂಕ ದೊರೆಯುವುದೇ? ಹೌದೆಂದರೆ ನಿಶ್ಚಿಂತರಾಗಿರಿ. ಅಲ್ಲವೆಂದರೆ ಬನ್ನಿ, ಇಬ್ಬರೂ ಕೂಡಿಯೇ ಹೋಗೋಣ."

ಅವರು ಹೊರಟು ನಿಂತಾಗ ಇನ್ನೊಂದು ಮಾತು ಸೇರಿಸಿದೆ; ಪ್ರಿಯ ತಂದೆತಾಯಿಯರೇ, ಅದು ನಮ್ಮೆಲ್ಲರಿಗೂ ಸಲ್ಲುವ ಮಾತು. ಮನೆಯಲ್ಲಿ ನಾವೂ ಗುರುಗಳೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನ ಮಾತನ್ನು ನಡುವೆ ತಡೆಯದೆ ಪೂರ್ತಿಯಾಗಿ ಕೇಳೋಣ. ಉತ್ತರ ಕೊಡುವುದು ಆಮೇಲಿರಲಿ.