ಮರದಿಂದ ಬಿದ್ದವನ ಮನೆ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಸುತ್ತಮುತ್ತ ಸಂಚರಿಸಿದವರಿಗೆ ಅಲ್ಲಿಯ ಅಡಕೆ ತೋಟಗಳ ಚೆಲುವನ್ನು ನಾವು ಬಣ್ಣಿಸಿ ಹೇಳಬೇಕಾದುದಿಲ್ಲ. ಗುಡ್ಡಗಳ ನಡುವಣ ತಗ್ಗಿನಲ್ಲಿ ಸಾಲುಸಾಲಾಗಿ ನಿಂತ ನೀಳವಾದ ಮರಗಳು, ಅವುಗಳ ಬುಡದಲ್ಲಿ ಹರಿಯುವ ಕಪ್ಪಿನ ನೀರು, ಮೇಲೆ ಬಿಸಿಲನ್ನು ಸೋಸಿ ಕೆಳಗಿಳಿಸುವ ಸೋಗೆಯ ಚಪ್ಪರ. ಆದರೆ ಆ ಚಪ್ಪರದ ಎತ್ತರದಲ್ಲಿ, ನೆಲದಿಂದ ನಲವತ್ತು ಐವತ್ತು ಅಡಿ ಮೇಲೆ, ಕಾಲಿಗೆ ಹಗ್ಗದ ತಳೆಯನ್ನು ಸಿಕ್ಕಿಸಿಕೊಂಡ ಒಬ್ಬ ಮನುಷ್ಯನು ದುಡಿಯುತ್ತಿರುತ್ತಾನೆಂಬುದು ಕೆಳಗೆ ನಿಂತವರಿಗೆ ಒಮ್ಮೊಮ್ಮೆ ಮರೆತುಹೋಗುತ್ತದೆ.

ಅವನು ವರುಷಕ್ಕೆ ಹಲವು ಬಾರಿ ಮರ ಹತ್ತಬೇಕು. ಮಳೆಗಾಲದಲ್ಲಿ ಕೊಳೆರೋಗವನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಬೇಕು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕುರಿತ ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ದ್ರಾವಣವೇ ಮಲೆನಾಡಿನ ತೋಟಗಳ ರಕ್ಷೆಯಾಗಿದೆ. ಮಳೆ ಹಿಂದೆಗೆದ ಮೇಲೆ ಕೊನೆ ತೆಗೆಯುವ ಕಾಲ. ಕೊನೆಗಾರನು ಒಂದು ಮರದ ನೆತ್ತಿಯಿಂದ ಪಕ್ಕದ ಮರಕ್ಕೆ ತೂಗಿಕೊಂಡು ಹಾಯುವುದೂ ಉಂಟು. ಮಳೆಗೆ ಪಾಚಿ ಹಿಡಿದ ಮರ, ಒದ್ದೆಯಾದ ಹಗ್ಗ, ಒಳಗೆ ಟೊಳ್ಳಾದ ಕಾಂಡ, ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಸಾಕು.

ನಮ್ಮ ಓದುಗರಾದ ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕವನ್ನು ಮಾಡಿ ನೋಡಬಹುದು. 40 ಅಡಿಯೆಂದರೆ ಸುಮಾರು 12 ಮೀಟರು. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲವನ್ನು ಮುಟ್ಟಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ನೆಲಕ್ಕೆ ತಾಗುವಾಗ ಅದರ ವೇಗ ಗಂಟೆಗೆ ಸುಮಾರು 55 ಕಿಲೋಮೀಟರು. ಬೆನ್ನೆಲುಬು ಮುರಿಯಲು, ಅದರೊಳಗಿನ ಬೆನ್ನುಹುರಿ ಜಖಂಗೊಳ್ಳಲು ಈ ವೇಗವು ಧಾರಾಳವಾಯಿತು. ಆದುದರಿಂದಲೇ ಬಿದ್ದವನನ್ನು ತೋಳು ಕಾಲು ಹಿಡಿದು ಎತ್ತಿ ಜೀಪಿನಲ್ಲಿ ಕೂರಿಸಬಾರದು. ಕುತ್ತಿಗೆ ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ಅಗಲವಾದ ಹಲಗೆಯ ಮೇಲೆ ನೇರವಾಗಿ ಮಲಗಿಸಬೇಕು.

ಬಿದ್ದ ಕ್ಷಣದ ಕಥೆ ಇಷ್ಟು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಥೆ ಇದಕ್ಕಿಂತ ಬಹಳ ದೀರ್ಘವಾದುದು. ಅದನ್ನು ಕುರಿತು ಮಾತನಾಡುವವರು ಕಡಮೆ; ಆದಕಾರಣ ನಾವು ಇಲ್ಲಿ ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಎರಡು ನೋವುಗಳು

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನನು ಕೊನೆಗಾರ. ಬಿದ್ದು ಸೊಂಟದ ಎಲುಬು ಮುರಿದಿದೆ. ಆರು ತಿಂಗಳು ದುಡಿಮೆಯಿಲ್ಲ. ಹೆಂಡತಿ ಗದ್ದೆ ಕೆಲಸದ ಕೂಲಿಯನ್ನು ಬಿಟ್ಟು ಅವನ ಆರೈಕೆಗೆ ನಿಂತಿದ್ದಾಳೆ. ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಗಾಯವು ದಿನದಿನಕ್ಕೆ ಮಾಯುತ್ತಿದೆ. ಆದರೆ ಮನೆಯ ಮಂದಿಗೆ ನೆಮ್ಮದಿ ದಿನದಿನಕ್ಕೆ ಕಡಮೆಯಾಗುತ್ತಿದೆ. ರಾತ್ರಿ ಅವನು ಬೆಚ್ಚಿ ಏಳುತ್ತಾನೆ. ಸಣ್ಣ ಮಾತಿಗೆ ಸಿಡಿಮಿಡಿಗೊಳ್ಳುತ್ತಾನೆ. ತೋಟದ ಕಡೆಗೆ ಮುಖವಿಟ್ಟು ಕೂರುವುದಿಲ್ಲ. ಹೆಂಡತಿ ಒಲೆಯ ಮುಂದೆ ಸಾಲದ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತ ಅನ್ನವನ್ನು ಸೀಸುತ್ತಾಳೆ. ಮಗಳು ತಾನು ಶಾಲೆ ಬಿಟ್ಟರೆ ಹೇಗೆಂದು ಯಾರಿಗೂ ಹೇಳದೆ ಯೋಚಿಸುತ್ತಿದ್ದಾಳೆ. ನೆರೆಯವರು ಬಂದು, “ಧೈರ್ಯವಾಗಿರು ಮಾರಾಯ, ಆದದ್ದು ಆಗಿಹೋಯಿತು” ಎಂದು ಹೇಳಿ ಹೋಗುತ್ತಾರೆ.

ಇಂತಹ ಮನೆಯಲ್ಲಿ ಇರುವ ನೋವು ಎರಡು ಬಗೆಯದು: ಒಂದು ಮನಸ್ಸಿನದು, ಇನ್ನೊಂದು ಹಣದ್ದು. ಸಾಮಾನ್ಯವಾಗಿ ನಾವು ಮೊದಲನೆಯದನ್ನು ಅಧೈರ್ಯವೆಂದೂ ಎರಡನೆಯದನ್ನು ಹಣೆಬರಹವೆಂದೂ ಕರೆದು ಸುಮ್ಮನಾಗುತ್ತೇವೆ. ವಿಜ್ಞಾನವು ಹೇಳುವುದು ಬೇರೆ. ಇವೆರಡೂ ಒಂದೇ ಸರಪಳಿಯ ಕೊಂಡಿಗಳು. ಒಂದು ಇನ್ನೊಂದನ್ನು ಬಿಗಿಗೊಳಿಸುತ್ತದೆ. ಆದರೆ ಒಂದು ಕೊಂಡಿಯನ್ನು ಸಡಿಲಿಸಿದರೆ ಇನ್ನೊಂದೂ ಸಡಿಲವಾಗುತ್ತದೆ.

ದೇಹದ ಎಚ್ಚರಿಕೆಯ ಗಂಟೆ

ಅಪಾಯವೆದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರಾಟ ತೀವ್ರವಾಗುತ್ತದೆ. ಹೋರಾಟಕ್ಕೆ ಅಥವಾ ಓಟಕ್ಕೆ ದೇಹವು ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ನರು 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಪಾಯವು ಕಳೆದ ಮೇಲೆ ಈ ಗಂಟೆ ನಿಲ್ಲಬೇಕು. ಭಾರಿ ಆಘಾತವಾದಾಗ ಅದು ಕೂಡಲೆ ನಿಲ್ಲುವುದಿಲ್ಲ. ಮೆದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗವು ಅತಿ ಜಾಗರೂಕವಾಗಿ, ಹಗ್ಗದ ಸದ್ದು, ಒದ್ದೆ ತೋಟದ ವಾಸನೆ ಇವುಗಳನ್ನೂ ಅಪಾಯವೆಂದೇ ಎಣಿಸುತ್ತದೆ. ದುಃಸ್ವಪ್ನಗಳು, ಬೆಚ್ಚುವಿಕೆ, ಆ ಜಾಗದಿಂದ ದೂರವಿರುವ ಹಂಬಲ ಇವೆಲ್ಲ ಇದರ ಫಲ.

ಇದನ್ನು ವೈದ್ಯರು ಗುರುತಿಸಲು ಬಹಳ ಕಾಲ ಹಿಡಿಯಿತು. 19ನೆಯ ಶತಮಾನದಲ್ಲಿ ರೈಲು ಅಪಘಾತದಿಂದ ಬದುಕಿ ಬಂದವರಲ್ಲಿ ಹೊರಗೆ ಗಾಯ ಕಾಣದಿದ್ದರೂ ನಿದ್ರಾಹೀನತೆ, ನಡುಕ, ಮರೆವು ಕಾಣಿಸಿದಾಗ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ನರು 1866ರಲ್ಲಿ ಅದನ್ನು ಬೆನ್ನುಹುರಿಗೆ ತಗುಲಿದ ಪೆಟ್ಟೆಂದು ವಾದಿಸಿದರು. ಪರಿಹಾರದ ಹಣಕ್ಕಾಗಿ ಹೂಡಿದ ನಟನೆಯೆಂದವರೂ ಇದ್ದರು. ಆಘಾತೋತ್ತರ ಒತ್ತಡದ ಕಾಯಿಲೆಯೆಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯನ್ನು ಸೇರಿದ್ದು 1980ರಲ್ಲಿ.

ಇಲ್ಲಿ ಓದುಗರು ನೆನಪಿಡತಕ್ಕ ಮಾತೊಂದಿದೆ. ಮೊದಲ ಕೆಲವು ವಾರಗಳಲ್ಲಿ ಇಂತಹ ಚಿಹ್ನೆಗಳು ಕಾಣಿಸುವುದು ಕಾಯಿಲೆಯಲ್ಲ, ಸಹಜ. ಹೆಚ್ಚಿನವರಲ್ಲಿ ಅವು ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಮೀರಿಯೂ ಇಳಿಯದೆ ಊಟ, ನಿದ್ರೆ, ಕೆಲಸಗಳನ್ನು ಕೆಡಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು.

ಚಿಂತೆಯು ವಿಧಿಸುವ ತೆರಿಗೆ

ಚಿತೆಗೂ ಚಿಂತೆಗೂ ಒಂದು ಸೊನ್ನೆಯ ಅಂತರವೆಂದು ಹಿರಿಯರು ಹೇಳುವುದುಂಟು. ಹಣದ ಚಿಂತೆಯು ಬುದ್ಧಿಯ ಮೇಲೆ ಮಾಡುವ ಪರಿಣಾಮವನ್ನು ವಿಜ್ಞಾನಿಗಳು ಅಳೆದು ನೋಡಲು ಯತ್ನಿಸಿದ್ದಾರೆ. ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕೊಯ್ಲಾಗಿ ಹಣ ಬಂದ ಮೇಲೆ ಮತ್ತೊಮ್ಮೆ ಬುದ್ಧಿಪರೀಕ್ಷೆಗಳನ್ನು ಕೊಡಲಾಯಿತು. ಹಣವಿಲ್ಲದಾಗ ಅದೇ ರೈತರು ಗಮನಾರ್ಹವಾಗಿ ಕಡಮೆ ಅಂಕಗಳನ್ನು ಪಡೆದರೆಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಪರಿಣಾಮವು ಎಷ್ಟು ದೊಡ್ಡದೆಂಬ ವಿಷಯದಲ್ಲಿ ಆಮೇಲೆ ಭಿನ್ನಾಭಿಪ್ರಾಯಗಳು ಬಂದಿವೆ. ಆದರೂ ಸಾಲದ ಚಿಂತೆಯಲ್ಲಿ ಅನ್ನ ಸೀಸಿದ ತಾಯಿಗೆ ಇದು ಹೊಸ ಸಂಗತಿಯಲ್ಲ. ಮನಸ್ಸು ಸಾಲದಲ್ಲಿ ತೊಡಗಿದ್ದಷ್ಟು ಹೊತ್ತು ಉಳಿದ ಕೆಲಸಗಳಿಗೆ ಅದರ ಪಾಲು ಕಡಮೆ.

ಇದರ ಕೆಡುಕೇನೆಂದರೆ, ಅತ್ಯಂತ ಸಮಾಧಾನದಿಂದ ತೀರ್ಮಾನ ಮಾಡಬೇಕಾದ ದಿನಗಳಲ್ಲೇ ಮನುಷ್ಯನು ಅವಸರದ ತೀರ್ಮಾನ ಮಾಡುತ್ತಾನೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ಕಿವಿಗೆ ಹಗುರವಾಗಿ ಕೇಳುತ್ತದೆ. ಬಡ್ಡಿ ಕಟ್ಟಲಾಗದೆ ಅದು ಅಸಲಿಗೆ ಸೇರುತ್ತ ಹೋದರೆ, ಒಂದು ಲಕ್ಷದ ಸಾಲವು ಹನ್ನೆರಡು ತಿಂಗಳಲ್ಲಿ ಒಂದು ಲಕ್ಷ ನಲವತ್ತೆರಡು ಸಾವಿರವನ್ನು ಮೀರುತ್ತದೆ. ನಂಬದವರು ಚಕ್ರಬಡ್ಡಿಯ ಸೂತ್ರವನ್ನು ಹಾಕಿ ನೋಡಲಿ.

ಕಾಗದ ಮತ್ತು ಲೇಖನಿ

ಈ ಸರಪಳಿಯ ಒಂದು ಕೊಂಡಿಯನ್ನು ಸಡಿಲಿಸಲು ಬೇಕಾದ ಉಪಕರಣವು ಒಂದು ಎರಡುದಾಣೆಯ ನೋಟುಬುಕ್ಕಿನಷ್ಟು ಸಾಮಾನ್ಯವಾದುದು. ತಲೆಯಲ್ಲಿ ಸುತ್ತುತ್ತಿರುವ ಲೆಕ್ಕಗಳನ್ನೆಲ್ಲ ಕಾಗದದ ಮೇಲೆ ಇಳಿಸಬೇಕು: ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಯಾವುದು ಈ ತಿಂಗಳದು, ಯಾವುದು ಕಾಯಬಲ್ಲುದು, ಬರಬೇಕಾದುದು ಏನಿದೆ. ಚಿಂತೆಗೆ ಆಕಾರ ಬಂದರೆ ಅದು ಕೆಲಸಗಳ ಪಟ್ಟಿಯಾಗುತ್ತದೆ. ನಮ್ಮ ಹಳ್ಳಿಯ ಎಷ್ಟೋ ಮನೆಗಳಲ್ಲಿ ಕಾಗದಪತ್ರಗಳನ್ನು ಸರಾಗವಾಗಿ ಓದಿ ಬರೆಯಬಲ್ಲವರು ಶಾಲೆಗೆ ಹೋಗುವ ಮಕ್ಕಳೇ. ನಾವು ಕಲ್ಪಿಸಿಕೊಂಡ ಮನೆಯ ಮಗಳು ಶಾಲೆ ಬಿಟ್ಟು ತರುವ ಕೂಲಿಗಿಂತ, ಶಾಲೆಯಲ್ಲಿ ಕಲಿತ ಓದುಬರಹದಿಂದ ಮನೆಗೆ ತರಬಲ್ಲ ನೆರವು ದೊಡ್ಡದು.

ಅಂತಹ ನೆರವಿನ ಕೆಲವು ದಾರಿಗಳನ್ನು ಹೇಳುವೆವು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಆಸ್ಪತ್ರೆಗೆ ಹೋಗುವಾಗಲೇ ಒಯ್ಯಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು 2015ರಲ್ಲಿ ಬಂದಿತು. 18ರಿಂದ 70 ವರುಷದವರೆಗಿನವರು ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಖಾತೆಯಿಂದ ವರುಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಿಂದ ಮರಣವಾದಲ್ಲಿ ಅಥವಾ ಎರಡೂ ಕಾಲುಗಳ ಶಕ್ತಿ ಶಾಶ್ವತವಾಗಿ ಹೋದಲ್ಲಿ 2 ಲಕ್ಷ, ಒಂದು ಕಾಲಿನ ಶಕ್ತಿ ಹೋದಲ್ಲಿ 1 ಲಕ್ಷ ರೂಪಾಯಿ ಸಿಗುತ್ತದೆ. ಎಷ್ಟೋ ಖಾತೆಗಳಿಂದ ಈ 20 ರೂಪಾಯಿ ಕಡಿತವಾಗುತ್ತಿದ್ದರೂ ಮನೆಯವರಿಗೆ ತಿಳಿದಿರುವುದಿಲ್ಲ. ಪಾಸ್‌ಪುಸ್ತಕವನ್ನು ತೆರೆದು ನೋಡುವುದು ಮೊದಲ ಕೆಲಸ. ತಡಮಾಡದೆ ಬ್ಯಾಂಕಿಗೆ ತಿಳಿಸುವುದು ಎರಡನೆಯದು. ಅಂಗವೈಕಲ್ಯ ಉಳಿದರೆ ಅದರ ಪ್ರಮಾಣಪತ್ರವನ್ನು ಪಡೆಯಬೇಕು. ಮಾಸಾಶನ ಮೊದಲಾದವಕ್ಕೆ ಅದೇ ಕೀಲಿಕೈ. ಪರಿಹಾರದ ವಿಷಯದಲ್ಲಿ ಸಂದೇಹವಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಸ್ತ್ರೀಯರಿಗೂ ಅಂಗವಿಕಲರಿಗೂ ಅಲ್ಲಿ ನೆರವು ಉಚಿತ. ಆಸ್ಪತ್ರೆಯ ಚೀಟಿಗಳು, ಬಿಲ್ಲುಗಳು, ಕ್ಷಕಿರಣದ ಚಿತ್ರಗಳು ಇವುಗಳಲ್ಲಿ ಒಂದನ್ನೂ ಎಸೆಯಬಾರದು.

ಕೇಳುವ ಕಿವಿ

ಮನಸ್ಸಿನ ನೋವಿಗೆ ಏನು ಮಾಡಬೇಕು? ಅಪಘಾತವಾದ ಕೂಡಲೆ ಎಲ್ಲರೂ ಸುತ್ತ ಕುಳಿತು ನಡೆದುದನ್ನು ಮೊದಲಿಂದ ಕೊನೆಯವರೆಗೆ ಒತ್ತಾಯದಿಂದ ಹೇಳಿಸುವುದು ಒಳ್ಳೆಯದೆಂದು ತಜ್ಞರೇ ಒಂದು ಕಾಲದಲ್ಲಿ ನಂಬಿದ್ದರು. ಪರೀಕ್ಷೆಗೆ ಒಡ್ಡಿದಾಗ ಅದರಿಂದ ಪ್ರಯೋಜನವಿಲ್ಲವೆಂದು, ಕೆಲವರಿಗೆ ಕೇಡೂ ಆಗಬಹುದೆಂದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರವು ಮೂರು ಮಾತುಗಳಲ್ಲಿದೆ: ನೋಡುವುದು, ಆಲಿಸುವುದು, ಜೋಡಿಸುವುದು. ಏನು ಬೇಕಾಗಿದೆಯೆಂದು ನೋಡಬೇಕು. ಹೇಳಿದಷ್ಟನ್ನು ತಾಳ್ಮೆಯಿಂದ ಕೇಳಬೇಕು. ನೆರವು ಎಲ್ಲಿದೆಯೋ ಅಲ್ಲಿಗೆ ಜೋಡಿಸಬೇಕು. “ಧೈರ್ಯವಾಗಿರು” ಎಂದು ಹೇಳಿ ಎದ್ದು ಹೋಗುವುದಕ್ಕಿಂತ, “ನಾಳೆ ಆಸ್ಪತ್ರೆಗೆ ನಾನು ಜೊತೆಗೆ ಬರುತ್ತೇನೆ” ಎನ್ನುವ ನೆರೆಯವನು ಹೆಚ್ಚು ಧೈರ್ಯ ಕೊಡುತ್ತಾನೆ. ನಿದ್ರೆಗಾಗಿ ಹೆಂಡವನ್ನು ಹಿಡಿಯುವುದು ಗಾಯದ ಮೇಲೆ ಬರೆ ಎಳೆದಂತೆ. ಅದು ಆಳವಾದ ನಿದ್ರೆಯನ್ನು ಕೆಡಿಸಿ, ಸಾಲವನ್ನೂ ಬೆಳೆಸುತ್ತದೆ.

ಇಷ್ಟಕ್ಕೂ ಇಳಿಯದ ನೋವಿಗೆ ಚಿಕಿತ್ಸೆಗಳುಂಟು. ಅಂಜಿಕೆಯ ನೆನಪನ್ನೂ ಜಾಗವನ್ನೂ ತಜ್ಞರ ಜೊತೆಯಲ್ಲಿ ಸ್ವಲ್ಪಸ್ವಲ್ಪವಾಗಿ ಎದುರಿಸುವ ಕ್ರಮ ಒಂದು, ಔಷಧಿಗಳು ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ತೀವ್ರ ಮಾನಸಿಕ ಕಾಯಿಲೆಯವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ ಚಿಕಿತ್ಸೆಗೆ ತರುವ ಕಾರ್ಯವನ್ನು ಕೈಗೊಂಡಿತೆಂಬುದನ್ನು ಇಲ್ಲಿ ನೆನೆಯಬೇಕು. ಅದು ಬೇರೆ ಬಗೆಯ ಕಾಯಿಲೆಗಾಗಿ ನಡೆದ ಕೆಲಸ. ಆದರೆ ಮನಸ್ಸಿನ ವೈದ್ಯವು ನಗರದವರಿಗೆ ಮಾತ್ರವೆಂಬ ಭಾವನೆ ತಪ್ಪೆಂದು ಅದು ಈ ಮಲೆನಾಡಿನಲ್ಲೇ ತೋರಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಕರೆ ಉಚಿತ.

ಮತ್ತೆ ಏಳುವುದು

ಬೆನ್ನುಹುರಿಗೆ ಪೆಟ್ಟಾದವರ ಬಾಳು ಮುಗಿಯಿತೆಂದು ಒಂದು ಕಾಲದಲ್ಲಿ ವೈದ್ಯರೇ ಕೈಬಿಡುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ನರು ಅಂತಹವರಿಗಾಗಿ ಒಂದು ವಿಭಾಗವನ್ನು ತೆರೆದು, ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳನ್ನು ತಡೆದು, ಅವರಿಗೆ ಕೆಲಸವನ್ನೂ ಆಟವನ್ನೂ ಕಲಿಸಿದರು. 1948ರಲ್ಲಿ ಅಲ್ಲಿ ನಡೆದ ಗಾಲಿಕುರ್ಚಿಯವರ ಬಿಲ್ಲುಗಾರಿಕೆಯ ಪಂದ್ಯವೇ ಇಂದಿನ ಪ್ಯಾರಾಲಿಂಪಿಕ್ಸಿಗೆ ಬೀಜ. ನಮ್ಮ ನೆರೆಯ ವೆಲ್ಲೂರಿನಲ್ಲಿ ವೈದ್ಯೆಯಾಗಿದ್ದ ಮೇರಿ ವರ್ಗೀಸರು 1954ರ ಮೋಟಾರು ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನಶ್ಚೇತನ ಸಂಸ್ಥೆಯ ಹಿಂದೆ ಅವರ ದುಡಿಮೆಯಿದೆ.

ಎಲ್ಲರೂ ಮೇರಿ ವರ್ಗೀಸರಾಗಬೇಕೆಂದು ನಾವು ಹೇಳುವುದಿಲ್ಲ. ಅವರ ಬೆನ್ನಿಗೆ ನುರಿತ ವೈದ್ಯರೂ ಒಂದು ದೊಡ್ಡ ಆಸ್ಪತ್ರೆಯೂ ಇದ್ದುವು. ಕೊನೆಗಾರನ ಬೆನ್ನಿಗೆ ಇರುವುದು ಅವನ ಮನೆ, ಕೇರಿ ಮತ್ತು ಅವನು ಹತ್ತಿದ ತೋಟದ ಒಡೆಯರು. ನೆಲದಲ್ಲೇ ನಿಂತು ಕೊನೆ ತೆಗೆಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರಿನ ಉದ್ದ ದೋಟಿಗಳು ಈಗ ಮಲೆನಾಡಿಗೆ ಬಂದಿವೆ. ಅವನ್ನು ಕೊಳ್ಳಬಲ್ಲವರು ಕೊಳ್ಳಲಿ. ಮರ ಹತ್ತಿಸುವವರು, ಹತ್ತುವವನ ವಿಮೆಯ 20 ರೂಪಾಯಿಯನ್ನು ತಾವೇ ಕಟ್ಟಿ ಮಳೆಗಾಲಕ್ಕೆ ಮೊದಲು ಹಗ್ಗವನ್ನು ಪರೀಕ್ಷಿಸಲಿ.

ಓದುಗ ಮಿತ್ರರಲ್ಲಿ ಕೆಲವರ ಮನೆ ಅಡಕೆ ತೋಟದ ಮನೆಯಿರಬಹುದು; ಕೆಲವರ ತಂದೆಯೇ ಕೊನೆಗಾರರಿರಬಹುದು. ಅವರಲ್ಲಿ ನಮ್ಮ ಕೋರಿಕೆ ಇಷ್ಟೆ. ಈ ಸಂಜೆ ಮನೆಯ ಪಾಸ್‌ಪುಸ್ತಕವನ್ನು ತೆರೆದು, ಆ 20 ರೂಪಾಯಿ ಕಡಿತವಾಗಿದೆಯೋ ಇಲ್ಲವೋ ನೋಡಿರಿ.