ಮಲ್ಪೆಯ ಮರಳಿಗೆ ಸರಿ, ಬಸ್ತಿಹಳ್ಳಿಯ ಮಣ್ಣಿಗೆ ಬೇಡ

ಬಸ್ತಿಹಳ್ಳಿಯ ಪಾರ್ಶ್ವನಾಥನ ಮೈಮೇಲೆ ಒಂದೆಳೆ ಒಡವೆಯಿಲ್ಲ. ಏಳು ಹೆಡೆಯ ನಾಗನ ನೆರಳಲ್ಲಿ ಕರಿಗಲ್ಲಿನ ತೀರ್ಥಂಕರ ಹುಟ್ಟುಡುಗೆಯಲ್ಲಿ ನಿಂತಿದ್ದಾನೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಇದು. ಅರ್ಧ ಕಿಲೋಮೀಟರ್ ಆಚೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯದ್ದು ಬೇರೆಯೇ ಲೋಕ. ಕಂಠಹಾರ, ತೋಳ್ಬಂದಿ, ಡಾಬು, ಕಡಗ, ಕಾಲಂದುಗೆ, ಬೆರಳುಂಗುರ: ಮೈತುಂಬ ಒಡವೆಯಿಲ್ಲದ ವಿಗ್ರಹ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆ ಮೆದುವಿನ ಅವಧಿಯನ್ನು ಶಿಲ್ಪಿಗಳು ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾರೆಂದರೆ, ದ್ವಾರಪಾಲಕರ ಹಾರದ ಹಿಂದೆ ಬೆಳಕು ನುಸುಳುತ್ತದೆ.

ಕಲ್ಲಿನ ಒಡವೆ ಉಳಿಯಿತು, ಚಿನ್ನದ್ದು ಉಳಿಯಲಿಲ್ಲ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದ್ವಾರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ ಬಂತು. ಮೂರನೆಯ ಬಲ್ಲಾಳ ಮಣಿದು ಭಂಡಾರ ಒಪ್ಪಿಸಿದ. ಮುಂದೆ ತುಘಲಕರ ದಂಡೂ ಬಂದುಹೋಯಿತು. ಕೊಳ್ಳೆ ಹೋದದ್ದು ಹೋಯಿತು, ಹೂತಿಟ್ಟದ್ದು ಮಣ್ಣಲ್ಲೇ ಇದೆ ಎಂಬ ಮಾತು ಹಳೆಯ ರಾಜಧಾನಿಗಳ ಸುತ್ತ ಎಲ್ಲ ಕಡೆಯೂ ಇದೆ. ಆ ಮಾತಿಗೆ ಈಗ ಒಂದು ಯಂತ್ರ ಜೊತೆಯಾಗಿದೆ. ಕೋಲಿನ ತುದಿಗೆ ತಟ್ಟೆ, ಕಿವಿಗೆ ಹೆಡ್‌ಫೋನ್, ಲೋಹ ಕಂಡರೆ ಸದ್ದು. ನಮ್ಮವರಿಗೆ ಮೆಟಲ್ ಡಿಟೆಕ್ಟರ್ ಎಂದರೆ ವಿಮಾನ ನಿಲ್ದಾಣದ ಬಾಗಿಲು, ಇಲ್ಲವೇ ಬಾಂಬ್ ನಿಷ್ಕ್ರಿಯ ದಳ. ಆದರೆ ಅದಕ್ಕೆ ಇನ್ನೊಂದು ಬದುಕಿದೆ. ಆ ಬದುಕು ನಮ್ಮ ಕರಾವಳಿಗೆ ಚೆನ್ನಾಗಿ ಒಗ್ಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಘಟ್ಟದಲ್ಲಿ ಎದುರಾಗುತ್ತವೆ. ಮಂಗಳೂರು, ಉಡುಪಿಯ ಮಕ್ಕಳು ಬೇಲೂರು, ಹಳೇಬೀಡು ನೋಡಲು ಮೇಲೆ ಬರುತ್ತಾರೆ. ಹಾಸನ, ಅರಸೀಕೆರೆಯ ಮಕ್ಕಳು ಧರ್ಮಸ್ಥಳ ಮುಗಿಸಿ ಮಲ್ಪೆಗೋ ಮುರ್ಡೇಶ್ವರಕ್ಕೋ ಇಳಿಯುತ್ತಾರೆ. ಬಯಲುಸೀಮೆಯವರಿಗೆ ಸಮುದ್ರವೆಂದರೆ ಮೈಮರೆಯುವ ಜಾಗ. ಅಲೆಗೆ ಬೆನ್ನು ಕೊಟ್ಟು ಕೂತಾಗ ಕಿವಿಯ ಓಲೆಯ ತಿರುಪು ಸಡಿಲವಾಗುತ್ತದೆ, ಕತ್ತಿನ ಸರದ ಕೊಂಡಿ ಬಿಚ್ಚುತ್ತದೆ. ಉಂಗುರವಂತೂ ಬಹಳ ಸುಲಭವಾಗಿ ಜಾರುತ್ತದೆ: ನೀರಿನ ತಂಪಿಗೆ ಬೆರಳು ಸಣ್ಣಗಾಗುತ್ತದೆ, ಮೈಗೆ ಹಚ್ಚಿದ ಎಣ್ಣೆಯೋ ಕ್ರೀಮೋ ಜಾರಿಕೆ ಕೊಡುತ್ತದೆ, ಹಿಂದಕ್ಕೆ ಸರಿಯುವ ಅಲೆ ಎಳೆದುಕೊಳ್ಳುತ್ತದೆ. ಕಳೆದದ್ದು ತಾಳಿಯಾದರೆ ಆ ಮನೆಯವರ ಪ್ರವಾಸ ಅಲ್ಲಿಗೇ ಮುಗಿದಂತೆ. ಗ್ರಾಂ ಲೆಕ್ಕದ ನಷ್ಟಕ್ಕಿಂತ ಶಕುನದ ಭಯ ದೊಡ್ಡದು. ಬಸ್ಸು ಹೊರಡುವ ಹೊತ್ತಾದರೂ ಒಬ್ಬಾಕೆ ಮೊಣಕಾಲೂರಿ ಮರಳು ಕೆದಕುತ್ತಿರುತ್ತಾಳೆ, ಹತ್ತಾರು ಜನ ಸುತ್ತ ನಿಂತು ಅದೇ ಮರಳನ್ನು ತುಳಿಯುತ್ತಿರುತ್ತಾರೆ.

ಹೀಗೆ ಕಳೆದದ್ದು ಮರಳಿ ಸಿಗುವುದುಂಟೇ? ಉಂಟು. ಹುಡುಕುವವರು ಎರಡು ಸಂಗತಿ ತಿಳಿದಿರಬೇಕು, ಮರಳಿನದ್ದು ಮತ್ತು ಯಂತ್ರದ್ದು.

ಮರಳಿನದ್ದು ಮೊದಲು. ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು, ಆಭರಣದಲ್ಲಿ ತಾಮ್ರ, ಬೆಳ್ಳಿ ಬೆರೆತಿರುವುದರಿಂದ ಸ್ವಲ್ಪ ಕಡಿಮೆ. ಬೆಣಚಿನ ಮರಳಿನದ್ದು 2.65 ಪಟ್ಟು ಮಾತ್ರ. ಅಲೆ ಬಡಿದಾಗ ಮೇಲಿನ ಮರಳು ನೀರಿನೊಂದಿಗೆ ಕಲಸಿಹೋಗಿ ಒಂದು ಕ್ಷಣ ದ್ರವದಂತೆ ವರ್ತಿಸುತ್ತದೆ. ಆ ಕ್ಷಣದಲ್ಲಿ ಉಂಗುರ ಕೆಳಕ್ಕೆ ಇಳಿಯುತ್ತದೆ. ಮರಳಿನ ಕಣಗಳು ಅತ್ತಿತ್ತ ಹೋದರೂ ಅದು ಬಿದ್ದಲ್ಲೇ ಆಳಕ್ಕೆ ಕೂರುತ್ತದೆ; ಕೆಳಗೆ ಗಟ್ಟಿಯಾದ ಚಿಪ್ಪಿನ ಪದರವೋ ಜೇಡಿಯೋ ಸಿಗುವವರೆಗೆ. ಚಿನ್ನ ಭಾರ, ಮರಳು ಹಗುರ ಎಂಬ ಈ ತತ್ವ ಕನ್ನಡ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ತಪ್ಪಲಿನ ಡೋಣಿ ಹಳ್ಳದಲ್ಲಿ ಜಾಲಗಾರರು ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲೇ ಬರೆದ. ಮಳೆಗಾಲದ ನಂತರ ಹಳ್ಳದ ತಿರುವಿನಲ್ಲಿ ಹುಡುಕಬೇಕು ಎಂಬುದು ಯಂತ್ರವಿಲ್ಲದೆ ಕಲಿತ ವಿದ್ಯೆ.

ಕಡಲ ತೀರಕ್ಕೂ ಮಳೆಗಾಲದ ಲೆಕ್ಕವಿದೆ. ಜೂನ್‌ನಿಂದ ಮುಂಗಾರಿನ ಅಲೆಗಳು ದಡದ ಮರಳನ್ನು ಒಳಕ್ಕೆ ಎಳೆದೊಯ್ಯುತ್ತವೆ, ದಡ ಕೊರೆದುಹೋಗುತ್ತದೆ. ಸೆಪ್ಟೆಂಬರ್ ದಾಟಿದ ಮೇಲೆ ಸಮುದ್ರ ಶಾಂತವಾದಂತೆ ಅದೇ ಮರಳನ್ನು ನಿಧಾನವಾಗಿ ತಂದು ಹಾಕುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಕಳೆದ ಕಡಗ ಮೊಳದಾಳದಲ್ಲಿ ಅಡಗಿದ್ದರೂ, ಮಳೆ ನಿಂತ ಹೊಸತರಲ್ಲಿ ಗೇಣಿನಾಳಕ್ಕೆ ಬಂದಿರಬಹುದು. ಆದರೆ ಮೊದಲ ಅವಕಾಶ ಕಳೆದ ದಿನವೇ ಇರುತ್ತದೆ, ಮುಂದಿನ ಭರತ ಏರುವ ಮುನ್ನ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಆಗ ಉಳಿದ ದಿನ ನೀರಡಿಯಿರುವ ನೆಲವೂ ತೆರೆದುಕೊಳ್ಳುತ್ತದೆ. ಮೀನುಗಾರರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ. ಹುಡುಕುವವರು ಮೊದಲು ಅವರನ್ನು ಕೇಳಬೇಕು.

ಇನ್ನು ಯಂತ್ರ. ತಟ್ಟೆಯೊಳಗಿನ ತಂತಿ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಬದಲಾಗುತ್ತಿದ್ದಂತೆ ನೆಲದಡಿಯ ಲೋಹದಲ್ಲಿ ಸುಳಿಯಂಥ ಪ್ರವಾಹ ಏಳುತ್ತದೆ, ಆ ಪ್ರವಾಹಕ್ಕೆ ಅದರದ್ದೇ ಸಣ್ಣ ಕಾಂತಕ್ಷೇತ್ರವಿರುತ್ತದೆ. ಯಂತ್ರ ಕೇಳಿಸಿಕೊಳ್ಳುವುದು ಆ ಮರುದನಿಯನ್ನು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ರ ದೇಹದಲ್ಲಿ ಗುಂಡು ಎಲ್ಲಿದೆಯೆಂದು ಹುಡುಕಲು ಇಂಥದೇ ಉಪಕರಣ ತಂದಿದ್ದ. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಜೋಝೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬ್ ಪತ್ತೆ ಯಂತ್ರ ಎಲ್ ಅಲಮೈನ್‌ನ ಮರಳಲ್ಲಿ ಸಾವಿರಾರು ಸೈನಿಕರ ಕಾಲು ಉಳಿಸಿತು. ಇಂದು ಕಡಲ ತೀರದಲ್ಲಿ ಕಾಣುವುದು ಅವುಗಳ ಸಂತತಿ.

ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ. ಹಾಗಾಗಿ ಒಂದೇ ಆವರ್ತನದ ಅಗ್ಗದ ಯಂತ್ರ ಒಣ ಮರಳಲ್ಲಿ ಚೆನ್ನಾಗಿ ನಡೆದು, ಒದ್ದೆ ಮರಳಿಗೆ ಬಂದೊಡನೆ ಸುಮ್ಮಸುಮ್ಮನೆ ಕೂಗತೊಡಗುತ್ತದೆ. ಅಲ್ಲಿ ಬೇಕಾದದ್ದು ಮಿಡಿತದ ಮಾದರಿಯ ಪಲ್ಸ್ ಇಂಡಕ್ಷನ್, ಇಲ್ಲವೇ ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರ. ಕಾರವಾರದ ಬಳಿಯ ತಿಳಮಾತಿಯಂಥ ಕರಿಮರಳಿನ ತೀರದಲ್ಲಿ ಇನ್ನೂ ತಾಳ್ಮೆ ಬೇಕು. ಕರಿಮರಳಲ್ಲಿ ಕಬ್ಬಿಣದ ಅಂಶವಿದ್ದರೆ ಅದೇ ಸದ್ದು ಮಾಡುತ್ತದೆ.

ಯಾವ ಒಡವೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕಾದ ವಿಷಯ. ಬಳೆ, ಉಂಗುರ ಮುಚ್ಚಿದ ವೃತ್ತಗಳು. ಅವುಗಳಲ್ಲಿ ಸುಳಿ ಪ್ರವಾಹ ಸಲೀಸಾಗಿ ಸುತ್ತುತ್ತದೆ, ಸದ್ದು ಸ್ಪಷ್ಟ. ಬೆಳ್ಳಿಯ ಕಾಲುಂಗುರವೂ ಚೆನ್ನಾಗಿ ಕೇಳುತ್ತದೆ. ಸಣ್ಣೆಳೆಯ ಸರ ಮಾತ್ರ ಮೋಸ ಮಾಡುತ್ತದೆ: ಯಂತ್ರಕ್ಕೆ ಅದು ಒಂದು ಸರವಲ್ಲ, ಒಂದಕ್ಕೊಂದು ಸಡಿಲವಾಗಿ ತಾಗಿದ ನೂರಾರು ಪುಟ್ಟ ಕೊಂಡಿಗಳು, ಒಂದೊಂದರ ಮರುದನಿಯೂ ಕ್ಷೀಣ. ಕರಿಮಣಿ ಸರ ಕಳೆದರೆ ಯಂತ್ರ ಹಿಡಿಯುವುದು ತಾಳಿಯ ಬೊಟ್ಟನ್ನು, ಗುಂಡನ್ನು. ಮಣಿಗೆ ಅದು ಕಿವುಡು. ಮುತ್ತು, ಹವಳ, ಹರಳಿಗೂ ಹಾಗೆಯೇ. ಮೂಗುಬೊಟ್ಟು ಸಿಕ್ಕರೆ ಅದೃಷ್ಟ. ಮತ್ತೆ, ಚಿನ್ನದುಂಗುರದ ಸದ್ದೂ ಚಾಕೊಲೇಟಿನ ಅಲ್ಯುಮಿನಿಯಂ ಹಾಳೆ, ತಂಪುಪಾನೀಯದ ಡಬ್ಬಿಯ ಕಿವಿಯ ಸದ್ದೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಚಿನ್ನ ಹುಡುಕುವವರು ಕಸವನ್ನೂ ಅಗೆಯಲೇಬೇಕು. ಈ ಕೆಲಸ ಮಾಡುವವರು ತೀರ ಬಿಡುವಾಗ ಒಂದು ಚೀಲ ಮುಚ್ಚಳ, ಮೊಳೆ, ತಂತಿ ಹೊತ್ತು ಹೋಗುವುದು ಇದಕ್ಕೇ. ಬರಿಗಾಲಲ್ಲಿ ಓಡುವ ಮಕ್ಕಳಿಗೆ ಅಷ್ಟೇ ದೊಡ್ಡ ಉಪಕಾರ.

ಸಿಕ್ಕ ಉಂಗುರ ಯಾರದ್ದು? ಕಾನೂನಿಗೆ ಇದರಲ್ಲಿ ಗೊಂದಲವಿಲ್ಲ. 1860ರ ಭಾರತೀಯ ದಂಡಸಂಹಿತೆಯ 403ನೇ ಕಲಮಿಗೆ ಕೊಟ್ಟ ಉದಾಹರಣೆಗಳಲ್ಲೇ ಒಂದು ಉಂಗುರದ್ದು: ಬೆಲೆಬಾಳುವ ಉಂಗುರ ಸಿಕ್ಕವನು ಒಡೆಯನನ್ನು ಹುಡುಕುವ ಯತ್ನವನ್ನೇ ಮಾಡದೆ ಕೂಡಲೇ ಮಾರಿದರೆ ಅಪರಾಧಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ. 1872ರ ಕರಾರು ಕಾಯ್ದೆ ಸಿಕ್ಕವರ ಪರವಾಗಿಯೂ ಮಾತಾಡುತ್ತದೆ. ಒಡೆಯರನ್ನು ಹುಡುಕಲು, ವಸ್ತುವನ್ನು ಕಾಪಾಡಲು ಪಟ್ಟ ಶ್ರಮ, ಖರ್ಚಿಗೆ ಪರಿಹಾರ ಸಿಗುವತನಕ ಅವರು ಅದನ್ನು ತಮ್ಮಲ್ಲಿ ಇಟ್ಟುಕೊಳ್ಳಬಹುದು. ಹಾಗಿದ್ದೂ ಬಡವನ ಕೈಯಲ್ಲಿ ಉಂಗುರ ಕಂಡರೆ ಲೋಕ ಮೊದಲು ಕಳ್ಳ ಎನ್ನುತ್ತದೆ. ಕಾಳಿದಾಸ ಇದನ್ನು ಬಲ್ಲವನು. ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲದಲ್ಲಿ ಮೀನಿನ ಹೊಟ್ಟೆಯಲ್ಲಿ ರಾಜಮುದ್ರೆಯುಂಗುರ ಸಿಕ್ಕ ಬೆಸ್ತ, ಬಹುಮಾನಕ್ಕೆ ಮುಂಚೆ ಕಾವಲುಗಾರರ ಏಟು ತಿನ್ನುತ್ತಾನೆ. ಆದ್ದರಿಂದ ಸಿಕ್ಕ ಕೂಡಲೇ, ಸಿಕ್ಕ ಜಾಗದಲ್ಲೇ ಫೋಟೊ ತೆಗೆದು ತೀರದ ಕಾವಲಿನವರಿಗೋ ಠಾಣೆಗೋ ತಿಳಿಸುವುದು ಸಿಕ್ಕವರ ಮಾನಕ್ಕೂ ಒಳ್ಳೆಯದು.

ನಾನು ಕೇಳುವುದು ಇಷ್ಟು: ಮಲ್ಪೆ, ಪಣಂಬೂರು, ಮುರ್ಡೇಶ್ವರದಂಥ ತೀರಗಳಲ್ಲಿ ಜೀವರಕ್ಷಕರ ಬಳಿ ಒಂದು ಒಳ್ಳೆಯ ಯಂತ್ರ, ಒಂದು ತೂತುಸೌಟು, ಒಂದು ದಾಖಲೆ ಪುಸ್ತಕ ಇರಲಿ. ನಮ್ಮ ಊರುಗಳಲ್ಲಿ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಇದ್ದ ಮನೆಗೆ ಓಡುತ್ತಿದ್ದರು. ಎಲ್ಲರ ಮನೆಯಲ್ಲೂ ಅದು ಇರಬೇಕಾಗಿರಲಿಲ್ಲ, ಊರಿಗೊಂದಿದ್ದರೆ ಸಾಕಿತ್ತು.

ಇದೇ ಯಂತ್ರ ಘಟ್ಟ ಹತ್ತಿ ಬಸ್ತಿಹಳ್ಳಿಗೆ ಬಂದಾಗ ನನ್ನ ಎದೆ ಬಿಗಿಯುತ್ತದೆ. ಕಡಲ ಮರಳಿಗೆ ನೆನಪಿಲ್ಲ. ನಿನ್ನೆಯ ಉಂಗುರ ಇಂದು ಎಲ್ಲಿ ಸಿಕ್ಕರೂ, ಎಷ್ಟು ಆಳದಲ್ಲಿ ಸಿಕ್ಕರೂ ಅದರಿಂದ ತಿಳಿಯುವುದೇನಿಲ್ಲ, ಒಡೆಯರ ಕೈಗೆ ಸೇರಿದರೆ ಮುಗಿಯಿತು. ಹಳೇಬೀಡಿನ ಮಣ್ಣು ಪದರ ಪದರವಾಗಿ ಕೂತಿದೆ. ಯಾವ ನೆಲಗಟ್ಟಿನ ಮೇಲೆ, ಯಾವ ಮಡಕೆ ಚೂರಿನ ಪಕ್ಕ, ಯಾವ ಬೂದಿಯ ಅಡಿಯಲ್ಲಿ ಒಂದು ತಾಮ್ರದ ಕಾಸು ಬಿದ್ದಿದೆ ಎಂಬುದೇ ಆ ಕಾಸಿನ ಅರ್ಥ. ಮಧ್ಯರಾತ್ರಿ ಗುದ್ದಲಿ ಹಾಕಿ ಕಿತ್ತ ಕಾಸು ಅಂಗಡಿಯಲ್ಲಿ ಕೆಲವು ರೂಪಾಯಿ ತರಬಹುದು, ಅದು ಹೇಳಬೇಕಾಗಿದ್ದ ಮಾತು ಮತ್ತೆ ಬರುವುದಿಲ್ಲ. ಅದರ ಒಡೆಯರು ಸತ್ತು ಏಳೆಂಟು ನೂರು ವರ್ಷವಾಗಿದೆ, ಈಗ ಒಡೆಯರು ನಾವೆಲ್ಲರೂ.

ಅಂತರ್ಜಾಲದಲ್ಲಿ ಮಾರುವ ನಿಧಿ ಪತ್ತೆ ಯಂತ್ರಗಳ ಬಗ್ಗೆ ಒಂದು ಮಾತು ಬಿಚ್ಚಿ ಹೇಳಬೇಕು. ಇಪ್ಪತ್ತಡಿ ಆಳದ ಚಿನ್ನವನ್ನು ದೂರದಿಂದಲೇ ತೋರಿಸುವ ಕೈಯಂತ್ರ ಇಲ್ಲ. ಸಾಮಾನ್ಯ ಯಂತ್ರ ಉಂಗುರವನ್ನು ಗೇಣಿನ ಆಚೆ ಕಾಣುವುದೇ ಕಷ್ಟ. ಬಸ್ತಿಹಳ್ಳಿಯ ಹೊಲದಲ್ಲಿ ಅದನ್ನು ಆಡಿಸಿದರೆ ಕೂಗುವುದು ಎತ್ತಿನ ಲಾಳ, ನೇಗಿಲ ಕುಳದ ತುಂಡು, ಬಾಟಲಿ ಮುಚ್ಚಳ. ಈ ಸುಳ್ಳನ್ನು ನಂಬಿದವರು ಎಷ್ಟೋ ಗುಡಿಗಳಲ್ಲಿ ನಂದಿಯ ಕೆಳಗೆ, ಲಿಂಗದ ಪೀಠದಡಿ, ವೀರಗಲ್ಲಿನ ಬುಡದಲ್ಲಿ ಹೊಂಡ ತೋಡಿದ್ದಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ಕಿತ್ತುಹಾಕಿದರು. ಸಿಕ್ಕ ಚಿನ್ನ ಶೂನ್ಯ. ಭಕ್ತರು ಒಂದೆರಡು ದಿನಗಳಲ್ಲಿ ಮರುನಿರ್ಮಿಸಿದರು ನಿಜ, ಒಡೆದ ಕಲ್ಲು ಒಡೆದದ್ದೇ.

ಕಾನೂನು ಇಲ್ಲಿ ಬಿಗಿಯಾಗಿದೆ. ಬಸ್ತಿಹಳ್ಳಿಯ ಬಸದಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಹೊಲದ ಒಡೆಯನ ಒಪ್ಪಿಗೆ ಪಡೆದು ಯಂತ್ರ ಆಡಿಸುತ್ತಾರೆ, ಸಿಕ್ಕದ್ದನ್ನು ದಾಖಲಿಸಲು 1997ರಿಂದ ಸರ್ಕಾರದ್ದೇ ಯೋಜನೆಯಿದೆ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಸಾವಿರಾರು ತುಣುಕು ಚಿನ್ನ, ಬೆಳ್ಳಿ ಹೀಗೇ ಸಿಕ್ಕಿತು. ಅಲ್ಲಿ ದಾಖಲಿಸಲೆಂದೇ ಅಧಿಕಾರಿಗಳಿದ್ದಾರೆ. ಆ ವ್ಯವಸ್ಥೆ ಇಲ್ಲದೆ ಯಂತ್ರವನ್ನು ಮಾತ್ರ ಆಮದು ಮಾಡಿಕೊಂಡರೆ ನಮಗೆ ಉಳಿಯುವುದು ಹೊಂಡಗಳು.

ಸರಿಯಾಗಿ ಅಗೆದರೆ ಏನು ಸಿಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 2021ರಲ್ಲಿ ಈ ಬಸದಿಗಳ ಹತ್ತಿರದ ದಿಬ್ಬದಲ್ಲಿ ಮಣ್ಣು ಸರಿಸಿದಾಗ ಇನ್ನೊಂದು ಜೈನ ಕಟ್ಟಡದ ಅವಶೇಷ, ಶಿಲ್ಪಗಳು ಹೊರಬಂದವು. ಅಲ್ಲಿ ಕಂಡದ್ದು ಕಲ್ಲು. ಅದನ್ನು ಕಾಣಲು ಯಾವ ಡಿಟೆಕ್ಟರಿಗೂ ಕಣ್ಣಿಲ್ಲ, ಏಕೆಂದರೆ ಹೊಯ್ಸಳರು ಈ ನೆಲಕ್ಕೆ ಬಿಟ್ಟುಹೋದ ಅತಿ ದೊಡ್ಡ ಆಸ್ತಿ ಲೋಹವೇ ಅಲ್ಲ. ಪಾರ್ಶ್ವನಾಥ ಬಸದಿಯ ನವರಂಗಕ್ಕೆ ಹೋಗಿ ನೋಡಿ. ತಿರುಗಣೆಯಲ್ಲಿ ಕಡೆದು ಉಜ್ಜಿದ ಕಂಬಗಳಲ್ಲಿ ಎದುರಿಗೆ ನಿಂತವರ ಮುಖ ಇಂದಿಗೂ ಮೂಡುತ್ತದೆ.

ಉಳುವಾಗ, ಪಾಯ ತೆಗೆಯುವಾಗ, ಕೆರೆ ಹೂಳೆತ್ತುವಾಗ ಈ ಸುತ್ತಿನ ಜನರಿಗೆ ಏನಾದರೂ ಸಿಗುವುದು ಸಹಜ. ಆಗ ಎಳೆದು ತೆಗೆಯುವುದು ಬೇಡ, ತೊಳೆಯುವುದು ಬೇಡ, ಉಜ್ಜುವುದಂತೂ ಬೇಡವೇ ಬೇಡ. ಇದ್ದಂತೆಯೇ ಫೋಟೊ ತೆಗೆಯಿರಿ, ಸರ್ವೆ ನಂಬರು ಬರೆದಿಡಿ, ಎಷ್ಟು ಆಳದಲ್ಲಿ ಕಂಡಿತೆಂದು ಗೇಣಿನಲ್ಲಾದರೂ ಅಳೆಯಿರಿ. ತಹಶೀಲ್ದಾರರಿಗೆ ತಿಳಿಸಿ. ಇಲಾಖೆಯ ವಸ್ತುಸಂಗ್ರಹಾಲಯ ಹೊಯ್ಸಳೇಶ್ವರ ಗುಡಿಯ ಆವರಣದಲ್ಲೇ ಇದೆ, ಬಸ್ತಿಹಳ್ಳಿಯಿಂದ ನಡೆದೇ ಹೋಗಬಹುದು. ಶುಕ್ರವಾರ ಅದಕ್ಕೆ ರಜೆ, ಉಳಿದ ದಿನ ತೆರೆದಿರುತ್ತದೆ.