ಸಿಹಿನೀರು ಕರೆದ ದ್ವೀಪ

ಕಾರವಾರದಿಂದ ಅಂಕೋಲೆಯತ್ತ ಹೊರಟರೆ, ಬಿಣಗಾ ಹತ್ತಿರ ಬಲಗಡೆ ಕಡಲಲ್ಲಿ ಉದ್ದಕ್ಕೆ ಮಲಗಿದಂತಿರುವ ಹಸಿರು ಗುಡ್ಡ ಕಾಣುತ್ತದೆ. ಅದೇ ಅಂಜದೀವ. ವಿಸ್ತಾರ ಸುಮಾರು ಒಂದೂವರೆ ಚದರ ಕಿಲೋಮೀಟರ್. ಕೂರ್ಮಗಡ, ದೇವಗಡಗಳೂ ಸೇರಿದ ಐದು ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು. ಕಣ್ಣಿಗೆ ಕಾಣುವುದು ನಮ್ಮ ಕಾರವಾರದಿಂದ, ದಾಖಲೆಯಲ್ಲಿ ಇರುವುದು ಗೋವೆಯ ಕಾಣಕೋಣ ತಾಲ್ಲೂಕಿನಲ್ಲಿ.

ಹೆಸರಿನ ಬಗ್ಗೆ ಎರಡು ಮಾತುಗಳಿವೆ. ಮಲಯಾಳದ ‘ಅಂಜು’ ಎಂದರೆ ಐದು, ಐದು ದ್ವೀಪಗಳಿರುವುದರಿಂದ ಅಂಜದೀವ ಎನ್ನುವವರು ಕೆಲವರು. ಅಲ್ಲಿದ್ದ ದೇವಿಯ ಹೆಸರೇ ಸವೆದು ಹೀಗಾಯಿತು ಎನ್ನುವವರು ಇನ್ನು ಕೆಲವರು. ಹೆಸರು ಹೇಗೇ ಬಂದಿರಲಿ, ಜನ ಅಲ್ಲಿಗೆ ಬಂದದ್ದು ಒಂದೇ ಕಾರಣಕ್ಕೆ. ಸುತ್ತ ಉಪ್ಪುನೀರಿದ್ದರೂ ದ್ವೀಪದೊಳಗೆ ಸಿಹಿನೀರಿನ ಒರತೆಯಿತ್ತು.

ಯೋಗಿ ಕೊಟ್ಟ ತೆಂಗಿನಕಾಯಿ

1342ರ ಸುಮಾರಿಗೆ ಈ ದಾರಿಯಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಗೋವೆಯನ್ನು ದಾಟಿದ ಮೇಲೆ ದಡಕ್ಕೆ ಹತ್ತಿರದ ಪುಟ್ಟ ದ್ವೀಪವೊಂದರಲ್ಲಿ ಇಳಿದ. ಅಲ್ಲಿ ಗುಡಿ, ತೋಟ, ನೀರಿನ ಕೊಳ ಇದ್ದವು ಎಂದು ಬರೆದಿದ್ದಾನೆ. ಇದು ಅಂಜದೀವವೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ ಒಬ್ಬ ಯೋಗಿ ಕುಳಿತಿದ್ದ. ಮಾತಾಡಿಸಿದರೆ ಉತ್ತರವಿಲ್ಲ. ಅವನ ಬಳಿ ಊಟಕ್ಕೇನಾದರೂ ಇದೆಯೇ ಎಂದು ಬಂದವರು ಸುತ್ತ ನೋಡುತ್ತಿದ್ದಾಗ ಯೋಗಿ ಒಮ್ಮೆಲೆ ಕೂಗಿದ, ತೆಂಗಿನಕಾಯಿಯೊಂದು ಮುಂದೆ ಬಿತ್ತು. ಅದನ್ನೇ ಎತ್ತಿ ಅತಿಥಿಗೆ ಕೊಟ್ಟ. ಹಣ ಕೊಡಲು ಹೋದರೆ ಬೇಡವೆಂದ.

1498ರ ಸೆಪ್ಟೆಂಬರ್ ಕೊನೆಗೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ಮರಳುವಾಗ ಇಲ್ಲಿ ಲಂಗರು ಹಾಕಿದ. ನೀರು ತುಂಬಿಕೊಂಡು, ಹಡಗಿನ ತಳ ಉಜ್ಜಿ ದುರಸ್ತಿ ಮಾಡಿಸಿಕೊಂಡ. ಹುಲ್ಲು ಹೊದೆಸಿದ ಗುಡಿಯಲ್ಲಿ ಜನ ಮೂರು ಕರಿಕಲ್ಲುಗಳಿಗೆ ಕೈಮುಗಿಯುತ್ತಿದ್ದರೆಂದು ಆ ಯಾನದ ದಿನಚರಿ ಹೇಳುತ್ತದೆ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡ ಕೋಟೆ ಕಟ್ಟಿಸಿದ. ಮರುವರ್ಷವೇ ಅವರು ಅದನ್ನು ಕೆಡವಿ ಹೋದರು.

ದೇವಿ ದಡಕ್ಕೆ, ಮಾತೆ ದ್ವೀಪಕ್ಕೆ

ಈ ಕಾಲದ ನೆನಪನ್ನು ನಮ್ಮ ಕರಾವಳಿ ಬೇರೆ ರೀತಿಯಲ್ಲಿ ಉಳಿಸಿಕೊಂಡಿದೆ. ಅಂಕೋಲೆಯ ಆರ್ಯಾದುರ್ಗೆಯ ಮೂಲಸ್ಥಾನ ಅಂಜದೀವ. ಪರಂಗಿಯವರ ಕಾಟದಿಂದ ದೇವಿ ಕಡಲು ದಾಟಿ ಬಂದಳು ಎಂದು ಭಕ್ತರು ಹೇಳುತ್ತಾರೆ. ಅತ್ತ ದ್ವೀಪದಲ್ಲಿ ‘ನೊಸ್ಸಾ ಸೆನ್ಯೋರಾ ದಾಸ್ ಬ್ರೋತಾಸ್’ ಚರ್ಚು ಎದ್ದಿತು. ಈ ಹೆಸರಿಗೆ ಜನ ಕೊಡುವ ಅರ್ಥ ‘ಒರತೆಗಳ ಮಾತೆ’. ಗುಡಿಯ ಜಾಗಕ್ಕೆ ಇಗರ್ಜಿ ಬಂದರೂ ನೀರಿನ ನೆನಪು ಹೋಗಲಿಲ್ಲ. ಕೊಂಕಣಿ ಕ್ರೈಸ್ತರು ಫಿರ್ಗಜ್ ಎನ್ನುವ ಚರ್ಚಿನ ಊರು ಹೀಗೆ ಬೆಳೆಯಿತು. ಫೆಬ್ರುವರಿ 2ರಂದು ಮಾತೆಯ ಹಬ್ಬ, ಅಕ್ಟೋಬರ್ 4ರಂದು ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ದೋಣಿಗಳಲ್ಲಿ ಜನ ಬಂದು ಸೇರುತ್ತಿದ್ದರು.

ಮುಂಬೈಯ ಕಥೆಗೂ ಈ ದ್ವೀಪ ಬೇಕು. ಇಂಗ್ಲೆಂಡ್, ಪೋರ್ಚುಗಲ್ ರಾಜಮನೆತನಗಳ ನಡುವಿನ 1661ರ ವಿವಾಹ ಒಪ್ಪಂದದಲ್ಲಿ ಮುಂಬೈ ಇಂಗ್ಲೆಂಡಿಗೆ ಬಂದಿತ್ತು. ಆದರೆ ಅದನ್ನು ಬಿಟ್ಟುಕೊಡಲು ಅಲ್ಲಿದ್ದ ಪೋರ್ಚುಗೀಸರು ಒಪ್ಪಲಿಲ್ಲ. ಅದನ್ನು ಪಡೆಯಲು ಬಂದಿದ್ದ ಸರ್ ಅಬ್ರಹಾಂ ಶಿಪ್‌ಮನ್ ನೂರಾರು ಸೈನಿಕರೊಂದಿಗೆ ಅಂಜದೀವದಲ್ಲಿ ಕಾದು ಕುಳಿತ. ರೋಗ ಒಬ್ಬೊಬ್ಬರನ್ನೇ ಒಯ್ದಿತು. 1664ರಲ್ಲಿ ಶಿಪ್‌ಮನ್ ಕೂಡ ಸತ್ತ. 1665ರಲ್ಲಿ ಅವನ ಉತ್ತರಾಧಿಕಾರಿ ಹಂಫ್ರಿ ಕುಕ್ ಮುಂಬೈಯನ್ನು ವಶಕ್ಕೆ ಪಡೆದಾಗ ಉಳಿದಿದ್ದವರು ನೂರರ ಆಸುಪಾಸು. 1682ರಲ್ಲಿ ಪೋರ್ಚುಗೀಸರು ಅಂಜದೀವದಲ್ಲಿ ಮತ್ತೆ ಕೋಟೆ ಕಟ್ಟಿದರು.

ಆ ಕೋಟೆಯ ಕೊನೆಯ ಗುಂಡುಗಳು ನಮ್ಮವರ ಮೇಲೆಯೇ ಹಾರಿದವು. 1961ರ ನವೆಂಬರ್‌ನಲ್ಲಿ, ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ದ್ವೀಪದಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನಿಗೆ ಹೋಗಿದ್ದ ದೋಣಿಯ ಮೇಲೂ ಹಾರಿ ಒಬ್ಬ ಮೀನುಗಾರ ಪ್ರಾಣ ಬಿಟ್ಟ. ಡಿಸೆಂಬರ್ 18ರಂದು ‘ತ್ರಿಶೂಲ’ ಮತ್ತು ‘ಮೈಸೂರು’ ಯುದ್ಧನೌಕೆಗಳು ದ್ವೀಪವನ್ನು ಬಿಡಿಸಲು ಬಂದವು. ಈ ದ್ವೀಪಕ್ಕಾಗಿ ನಮ್ಮ ಏಳು ನಾವಿಕರು ಪ್ರಾಣ ತೆತ್ತರು.

ಬಾಗಿಲು ಮುಚ್ಚಿದ ಮೇಲೆ

1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಅರ್ಗಾ ಮೊದಲಾದ ಊರುಗಳ ಜನ ನೆಲೆ ಬಿಟ್ಟರು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಲೆತಡೆ ಗೋಡೆ ದಡವನ್ನು ಅಂಜದೀವಕ್ಕೆ ಜೋಡಿಸಿತು. ದೋಣಿಯಲ್ಲೇ ಹೋಗಬೇಕಿದ್ದ ದ್ವೀಪ ಹೀಗೆ ನೆಲಕ್ಕೆ ಅಂಟಿತು, ಆದರೆ ಜನರಿಗೆ ದೂರವಾಯಿತು. ಭದ್ರತೆಯ ಕಾರಣಕ್ಕೆ ಹಬ್ಬದ ಯಾತ್ರೆಯೂ ನಿಂತಿತು.

ದೇಶದ ರಕ್ಷಣೆ ಮುಖ್ಯ. ಅದಕ್ಕಾಗಿ ಹೊಲ ಮನೆ ಬಿಟ್ಟುಕೊಟ್ಟ ಕರಾವಳಿಯ ಜನಕ್ಕೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಅವರ ಪರವಾಗಿ ಕೇಳುವುದು ಇಷ್ಟೇ: ಗುರುತಿನ ಚೀಟಿ ನೋಡಿ, ಎಣಿಸಿ, ಕಾವಲಿನಲ್ಲೇ ಕರೆದೊಯ್ಯಲಿ. ಫೆಬ್ರುವರಿ 2ರಂದು ಮಾತೆಯ ಮುಂದೆ ಮೇಣದಬತ್ತಿ ಹಚ್ಚುವವರಿಗೂ, ಆರ್ಯಾದುರ್ಗೆಯ ಮೂಲಸ್ಥಾನದ ಮಣ್ಣು ಮುಟ್ಟಬೇಕೆನ್ನುವವರಿಗೂ ವರ್ಷಕ್ಕೊಂದು ದಿನ ಆ ಬಾಗಿಲು ತೆರೆಯಲಿ.